ಮೃದುದ್ರವ್ಯ ವಿಜ್ಞಾನವೂ ಹಳ್ಳಿಯ ಶಾಲೆಯೂ

ವಿಜ್ಞಾನವೆಂದೊಡನೆ ಜನಸಾಮಾನ್ಯರ ಕಣ್ಣಮುಂದೆ ನಿಲ್ಲುವುದು ಕ್ಷಿಪಣಿ, ಉಪಗ್ರಹ, ಅಣುಸ್ಥಾವರಗಳು. 1982ರಲ್ಲಿ ಹಾಸನದಲ್ಲಿ ಉಪಗ್ರಹ ನಿಯಂತ್ರಣ ಕೇಂದ್ರವು ಸ್ಥಾಪಿತವಾದ ಮೇಲಂತೂ ಈ ಸೀಮೆಯ ಮಕ್ಕಳಿಗೆ ವಿಜ್ಞಾನವು ಆಕಾಶಕ್ಕೆ ಸೇರಿದ ವಿಷಯವಾಗಿಬಿಟ್ಟಿದೆ. ಆದರೆ ಅದೇ ಮಕ್ಕಳು ತಲೆಗೆ ತಿಕ್ಕಿಕೊಳ್ಳುವ ಸೀಗೆಯ ನೊರೆ, ಉಣ್ಣುವ ರಾಗಿಯ ಮುದ್ದೆ, ಹೆಪ್ಪುಗಟ್ಟಿದ ಮೊಸರು, ಕಡೆದು ತೆಗೆದ ಬೆಣ್ಣೆ ಇವೆಲ್ಲವೂ ಒಂದು ಗಂಭೀರವಾದ ಶಾಸ್ತ್ರದ ವಸ್ತುಗಳೆಂಬುದನ್ನು ಅವರಿಗೆ ತಿಳಿಸಿದವರು ವಿರಳ. ಆ ಶಾಸ್ತ್ರವೇ ಮೃದುದ್ರವ್ಯ ವಿಜ್ಞಾನ. ಹೊಯ್ಸಳ ಶಿಲ್ಪಿಯ ಬಳಪದ ಕಲ್ಲನ್ನೂ ಮೃದುವೆನ್ನುವುದುಂಟು; ಇಲ್ಲಿಯ ಮಾರ್ದವ ಬೇರೆ. ಬೆರಳಿನ ಒತ್ತಡಕ್ಕೆ, ಅಲ್ಪ ಶಾಖಕ್ಕೆ, ಒಂದು ತೊಟ್ಟು ಹುಳಿಗೆ ತನ್ನ ರೂಪವನ್ನೇ ಬದಲಿಸಿಕೊಳ್ಳುವ, ಅತ್ತ ಘನವೂ ಇತ್ತ ದ್ರವವೂ ಎನಿಸದ ಪದಾರ್ಥಗಳ ವಿಚಾರವದು.

ಮೊಸರನ್ನೇ ನೋಡಬಹುದು. ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನು ಸೂಕ್ಷ್ಮವಾದ ಗುಂಡುಗಳಾಗಿ ತೇಲುತ್ತಿರುತ್ತದೆ. ಒಂದು ಇನ್ನೊಂದಕ್ಕೆ ಅಂಟಿಕೊಳ್ಳದಂತೆ ಅವುಗಳ ಹೊರಮೈಯೇ ತಡೆಯುತ್ತದೆ. ಹೆಪ್ಪಿನ ಜೀವಾಣುಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸಿದಂತೆಲ್ಲ ಆ ತಡೆ ಕಳಚಿ, ಗುಂಡುಗಳು ಒಂದಕ್ಕೊಂದು ತಗುಲಿಕೊಂಡು ಬಲೆಯೊಂದನ್ನು ಹೆಣೆಯುತ್ತವೆ. ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ ನೀರೇ ಇರುವ ವಸ್ತುವು ಕುಡಿಕೆಯನ್ನು ಓರೆ ಮಾಡಿದರೂ ಚೆಲ್ಲದಿರುವುದು ಆ ಬಲೆಯಿಂದ. ಮಜ್ಜಿಗೆ ಕಡೆಯುವ ತಾಯಿ ಆ ಬಲೆಯನ್ನೇ ಒಡೆಯುತ್ತಾಳೆ. ಇದನ್ನು ತೋರಿಸುವುದಕ್ಕೆ ಬೇಕಾದ ಉಪಕರಣಗಳು ಶಾಂತಿಗ್ರಾಮದ ಯಾವ ಮನೆಯಲ್ಲಿ ಇಲ್ಲ?

ಈ ಶಾಸ್ತ್ರದಲ್ಲಿ ಕನ್ನಡ ನಾಡಿಗೆ ಹಿರಿದಾದ ಸ್ಥಾನವಿದೆಯೆಂಬುದು ಅನೇಕ ವಿದ್ಯಾವಂತರಿಗೂ ತಿಳಿಯದು. ಸರ್ ಸಿ. ವಿ. ರಾಮನ್ ಅವರ ಸೋದರಳಿಯರಾದ ಎಸ್. ಚಂದ್ರಶೇಖರ್ ಅವರು 1961ರಿಂದ ಒಂದು ದಶಕ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದ್ರವ ಸ್ಫಟಿಕಗಳ ಪ್ರಯೋಗಶಾಲೆಯನ್ನು ಕಟ್ಟಿದರು. ದ್ರವ ಸ್ಫಟಿಕವನ್ನು ಮೊದಲು ಗುರುತಿಸಿದವರು 1888ರಲ್ಲಿ ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞ ರೈನಿಟ್ಜರ್. ಅಂದಿನಿಂದ ಸುಮಾರು ತೊಂಬತ್ತು ವರ್ಷಗಳ ಕಾಲ ಬಲ್ಲವರ ಗಮನವೆಲ್ಲ ಕಡ್ಡಿಯಾಕಾರದ ಅಣುಗಳ ಮೇಲೆಯೇ ಇತ್ತು. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಈ ಮೂವರು 1977ರಲ್ಲಿ ಬಿಲ್ಲೆಯಾಕಾರದ ಅಣುಗಳೂ ನಾಣ್ಯಗಳನ್ನು ಪೇರಿಸಿದಂತೆ ಕಂಬ ಕಂಬವಾಗಿ ನಿಂತು ದ್ರವ ಸ್ಫಟಿಕವಾಗುತ್ತವೆಂದು ತೋರಿಸಿದರು. ಆ ಲೇಖನ ಅಚ್ಚಾದದ್ದು ಯಾವ ವಿಲಾಯತಿಯ ಪತ್ರಿಕೆಯಲ್ಲೂ ಅಲ್ಲ, ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ದಲ್ಲಿ. ಒಬ್ಬ ಭೌತಶಾಸ್ತ್ರಜ್ಞನಿಂದ ಮಾತ್ರ ಆಗುವ ಕೆಲಸವೂ ಅದಾಗಿರಲಿಲ್ಲ. ಅಣುವನ್ನು ಕಟ್ಟಿಕೊಡುವ ರಸಾಯನಶಾಸ್ತ್ರಜ್ಞನೂ ಅಳೆದು ನೋಡುವ ಭೌತಶಾಸ್ತ್ರಜ್ಞನೂ ಒಂದೇ ಸೂರಿನಡಿ ಇದ್ದುದರಿಂದ ಅದು ಸಾಧ್ಯವಾಯಿತು. 1991ರಲ್ಲಿ ಚಂದ್ರಶೇಖರ್ ಅವರು ಜಾಲಹಳ್ಳಿಯಲ್ಲಿ ಆರಂಭಿಸಿದ ದ್ರವ ಸ್ಫಟಿಕ ಸಂಶೋಧನಾ ಕೇಂದ್ರವೇ ಇಂದು ನ್ಯಾನೊ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರವೆಂಬ ಹೆಸರಿನಿಂದ ದಾಸನಪುರ ಹೋಬಳಿಯ ಶಿವನಪುರದಲ್ಲಿದೆ. ಶಾಂತಿಗ್ರಾಮವನ್ನು ಹಾಯುವ ಹೆದ್ದಾರಿಯಲ್ಲಿಯೇ ನೆಲಮಂಗಲದವರೆಗೆ ಹೋದರೆ ಅದು ದೂರವಲ್ಲ.

ಅಂಥ ಕೇಂದ್ರಗಳು ಶಾಲಾ ಮಕ್ಕಳನ್ನು ಬರಮಾಡಿಕೊಳ್ಳುವುದೂ ವಿಜ್ಞಾನಿಗಳು ಶಾಲೆಗಳಿಗೆ ಹೋಗಿ ಉಪನ್ಯಾಸ ಮಾಡುವುದೂ ಶ್ಲಾಘನೀಯವೇ. ಆದರೆ ಇಷ್ಟರಿಂದಲೇ ವಿಜ್ಞಾನ ಪ್ರಸಾರವಾಯಿತೆಂದು ತೃಪ್ತಿಪಡುವುದು ಸರಿಯಲ್ಲ. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ, ಗಾಜಿನಾಚೆಯ ಯಂತ್ರಗಳನ್ನು ಕಂಡು, ಉಪಾಹಾರ ಮುಗಿಸಿ ಮರಳಿದ ಮಗುವಿಗೆ ನೆನಪಿರುವುದು ಉಪಾಹಾರವೇ. ಕೇಂದ್ರದವರು ಹೇಳುವುದು, ಶಾಲೆಯವರು ಕೇಳುವುದು ಎಂಬ ಏರ್ಪಾಡಿನಲ್ಲಿ ಕೇಳುವವರಿಗೆ ಕೆಲಸವೇ ಇರುವುದಿಲ್ಲ.

ಜರ್ಮನಿಯ ಬ್ರೌನ್‌ಷ್ವೈಗ್ ಪಟ್ಟಣದಲ್ಲಿ ಆಗ್ನೆಸ್ ಪೋಕೆಲ್ಸ್ ಎಂಬ ಹೆಣ್ಣುಮಗಳಿದ್ದಳು. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವಳಲ್ಲ. ಮನೆಗೆಲಸ ಮಾಡುತ್ತ, ಅಡುಗೆಮನೆಯ ನೀರಿನ ಮೇಲೆ ಜಿಡ್ಡು ಹರಡುವ ಬಗೆಯನ್ನು ತಾನೇ ಮಾಡಿಕೊಂಡ ತಗಡಿನ ತೊಟ್ಟಿಯಲ್ಲಿ ವರ್ಷಗಟ್ಟಲೆ ಅಳೆದವಳು. 1891ರಲ್ಲಿ ಅವಳು ಬರೆದ ಕಾಗದವನ್ನು ಇಂಗ್ಲೆಂಡಿನ ಲಾರ್ಡ್ ರ್‍ಯಾಲೆ ‘ನೇಚರ್’ ಪತ್ರಿಕೆಗೆ ಕಳುಹಿಸಿ ಅಚ್ಚು ಹಾಕಿಸಿದನು. ಆ ತೊಟ್ಟಿಯ ವಿಧಾನವನ್ನೇ ಮುಂದುವರಿಸಿದ ಲ್ಯಾಂಗ್‌ಮ್ಯೂರ್‌ಗೆ 1932ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಡುಗೆಮನೆಯ ಅಳತೆಯನ್ನು ಪ್ರಯೋಗಶಾಲೆಯವನು ಗೌರವದಿಂದ ಓದಿದನೆಂಬುದೇ ಇಲ್ಲಿ ಮುಖ್ಯ. ಹಳ್ಳಿಯ ಶಾಲೆಗೆ ಬೇಕಾದುದು ಅಂಥ ಓದುಗ.

ಭಾಷೆಯ ಮಾತಿಗೆ ಬಂದರೆ ಪಂಡಿತವರ್ಗದ ಹೊಣೆ ಕಡಿಮೆಯದಲ್ಲ. ಸಂಸ್ಕೃತದ ಧಾತುವಿನಿಂದ ಪದ ಟಂಕಿಸುವುದು ಸುಲಭ. ‘ದ್ರವ ಸ್ಫಟಿಕ’ದಂತೆ ಕೆಲವು ಸೊಗಸಾಗಿಯೂ ನಿಂತಿವೆ. ‘ಕಲಿಲ’ವೆಂಬ ಪದ ಪಠ್ಯಪುಸ್ತಕದಲ್ಲಿದ್ದರೂ ಅದನ್ನು ಓದಿದ ಬಾಲಕನಿಗೆ ಮನೆಯ ಹಾಲು ನೆನಪಾಗುವುದಿಲ್ಲ. ಹೆಪ್ಪು, ಕೆನೆ, ಗಸಿ, ಲೋಳೆ, ಜಿಗುಟು, ಬಗ್ಗಡ, ಗಂಜಿ, ಅಂಬಲಿ: ಇಷ್ಟು ನವಿರಾದ ಭೇದಗಳನ್ನು ಮಾಡಿದ ಜನರಿಗೆ ಮೃದುದ್ರವ್ಯದ ಶಾಸ್ತ್ರ ಹೊಸದೆನ್ನುವಂತಿಲ್ಲ. ಒಂದೆಳೆ ಪಾಕ, ಎರಡೆಳೆ ಪಾಕವೆಂದು ಬೆರಳುಗಳ ನಡುವೆ ಎಳೆದು ನೋಡುವ ಗೃಹಿಣಿ ಸ್ನಿಗ್ಧತೆಯ ಪರೀಕ್ಷೆಯನ್ನೇ ಮಾಡುತ್ತಿದ್ದಾಳೆ. ಮೊದಲು ಈ ಮಾತುಗಳಿಂದ ಪಾಠ ಆರಂಭವಾಗಲಿ, ಪಾರಿಭಾಷಿಕ ಪದ ಆಮೇಲೆ ಬರಲಿ. ಇಂಗ್ಲಿಷ್ ಬಾರದೆ ವಿಜ್ಞಾನ ಬಾರದೆಂಬ ಭಯದಿಂದ ಕನ್ನಡ ಮಾಧ್ಯಮವನ್ನು ತೊರೆಯುವ ಮನೆಗಳು ಹೆಚ್ಚುತ್ತಿರುವಾಗ ಈ ಕೆಲಸಕ್ಕೆ ತಡಮಾಡಿದಷ್ಟೂ ನಷ್ಟ.

ಶಿಕ್ಷಕರಿಗೆ ಹತ್ತನೆಯ ತರಗತಿಯ ಫಲಿತಾಂಶದ ಚಿಂತೆ, ಸಂಶೋಧಕರಿಗೆ ಪ್ರಬಂಧಗಳ ಸಂಖ್ಯೆಯ ಚಿಂತೆ. ಇಬ್ಬರಿಗೂ ಪುರಸೊತ್ತಿಲ್ಲವೆಂಬ ಆಕ್ಷೇಪಣೆ ಸುಳ್ಳಲ್ಲ. ಆದರೆ ಬೇಸಗೆಯ ಎರಡು ತಿಂಗಳುಗಳಿವೆ. ಕಾಲೇಜಿನವರಿಗೆ ಆ ಕಾಲದಲ್ಲಿ ಸಂಶೋಧನಾ ಫೆಲೋಷಿಪ್ ನೀಡುವ ಪದ್ಧತಿಯನ್ನು ವಿಜ್ಞಾನ ಅಕಾಡೆಮಿಗಳು ನಡೆಸಿಕೊಂಡು ಬಂದಿವೆ. ಹಳ್ಳಿಯ ಪ್ರೌಢಶಾಲೆಯ ಶಿಕ್ಷಕನೊಬ್ಬ ಎರಡು ವಾರ ಪ್ರಯೋಗಶಾಲೆಯಲ್ಲಿ ಕೈಯಾರೆ ದುಡಿದು ಬರಲಿ; ಮಳೆಗಾಲದಲ್ಲಿ ಸಂಶೋಧನಾ ವಿದ್ಯಾರ್ಥಿಯೊಬ್ಬ ಎರಡು ದಿನ ಶಾಲೆಯಲ್ಲಿದ್ದು ಹೋಗಲಿ. ದಾನಿಗಳ ಹೆಸರು ಕೆತ್ತಿದ ಕಮಾನುಗಳು ನಾಡಿನ ಶಾಲೆಗಳಲ್ಲಿ ಬೇಕಾದಷ್ಟಿವೆ. ಶಿಕ್ಷಕನ ಪ್ರಯಾಣವೆಚ್ಚ, ಒಂದು ಸಾಧಾರಣ ಸೂಕ್ಷ್ಮದರ್ಶಕ, ಎರಡು ಪೋಲರಾಯ್ಡ್ ಹಾಳೆ, ಒಂದು ಉಷ್ಣಮಾಪಕ, ಮಕ್ಕಳು ಮೊಸರು ಹೆಪ್ಪಾಗುವ ಹೊತ್ತನ್ನು ಮಾಘದಲ್ಲೂ ವೈಶಾಖದಲ್ಲೂ ಬರೆದಿಡಲು ಒಂದು ಪುಸ್ತಕ, ಅದರ ಪ್ರತಿಯನ್ನು ಶಿವನಪುರಕ್ಕೆ ಕಳುಹಿಸುವ ಅಂಚೆವೆಚ್ಚ: ಇವೆಲ್ಲ ಸೇರಿದರೂ ಒಂದು ಕಮಾನಿನ ಖರ್ಚಾಗದು.