ಹೆತ್ತವರ ಕೈಗೆ ಫೋನ್ ಕೊಟ್ಟರೆ ಸಾಲದು

ನಮ್ಮ ಸಭೆಗಳಲ್ಲಿ ಮೊಬೈಲ್ ಫೋನಿನ ವಿಷಯ ಬಂದಾಗಲೆಲ್ಲ ಮಾತು ಮಕ್ಕಳ ಸುತ್ತಲೇ ತಿರುಗುತ್ತದೆ. ಅವರು ಎಷ್ಟು ಹೊತ್ತು ನೋಡುತ್ತಾರೆ, ಏನನ್ನು ನೋಡುತ್ತಾರೆ, ಅವರ ಕೈಯಿಂದ ಅದನ್ನು ಬಿಡಿಸುವುದು ಹೇಗೆ ಎಂಬುದೇ ನಮ್ಮೆಲ್ಲರ ಚಿಂತೆ. ಈ ಚಿಂತೆ ಸರಿಯಾದದ್ದೇ. ಆದರೆ ಅದೇ ಮನೆಯಲ್ಲಿ ದಾದಿಯ ದಿಂಬಿನ ಕೆಳಗೆ, ಅಬ್ಬಾರ ಜುಬ್ಬಾದ ಜೇಬಿನಲ್ಲಿ ಇನ್ನೊಂದು ಫೋನ್ ಇರುತ್ತದೆ. ಗುಂಡಿಗಳಿರುವ ಸಾದಾ ಸೆಟ್ ಅಥವಾ ಮಡಚಿ ಇಡುವ ಫ್ಲಿಪ್ ಸೆಟ್. ಅದರ ಬಗ್ಗೆ ನಾವು ಯಾರೂ ಮಾತನಾಡುವುದಿಲ್ಲ. ಅದು ಬಡಿದುಕೊಂಡಾಗ ಮೊಮ್ಮಗ ಓಡಿ ಬಂದು ಎತ್ತಿಕೊಡುತ್ತಾನೆ. ಅವನು ಶಾಲೆಗೆ ಹೋಗಿದ್ದರೆ ಅದು ಬಡಿದು ಬಡಿದು ಸುಮ್ಮನಾಗುತ್ತದೆ. ಫೋನ್ ಹಿರಿಯರದು, ಅದನ್ನು ನಡೆಸುವ ಕೀಲಿ ಮಾತ್ರ ಬೇರೆಯವರ ಕೈಯಲ್ಲಿ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಸುತ್ತಲಿನ ಹಳ್ಳಿಗಳನ್ನೇ ನೋಡೋಣ. ಶಾಂತಿಸಾಗರವೆಂಬ ಹೆಸರೂ ಇರುವ ಈ ದೊಡ್ಡ ಕೆರೆಯ ಆಸರೆಯಲ್ಲಿ ಭತ್ತದ ಗದ್ದೆಗಳಿವೆ, ಅಡಿಕೆ ತೋಟಗಳಿವೆ. ಕೆರೆಯ ನೀರಿದ್ದರೂ ಎಲ್ಲರ ಹೊಟ್ಟೆಗೂ ಊರಿನಲ್ಲೇ ದಾರಿ ಸಿಗುವುದಿಲ್ಲ. ಹೊನ್ನಾಳಿ, ನ್ಯಾಮತಿಗಳ ಕಡೆಯಿಂದಲೂ, ಮಳೆ ಕಡಿಮೆಯ ಜಗಳೂರಿನಿಂದಲೂ ಯುವಕರು ದಾವಣಗೆರೆಗೆ, ಬೆಂಗಳೂರಿಗೆ, ಕೆಲವರು ಕೊಲ್ಲಿ ದೇಶಗಳಿಗೆ ಹೋಗಿದ್ದಾರೆ. ಹೊರಡುವ ಮೊದಲು ತಾಯಿಗೊಂದು ಸೆಟ್ ಕೊಡಿಸುತ್ತಾರೆ, ತಿಂಗಳು ತಿಂಗಳು ರೀಚಾರ್ಜ್ ಮಾಡಿಸುತ್ತಾರೆ. ತಮ್ಮ ಕರ್ತವ್ಯ ಮುಗಿಯಿತೆಂದು ಸಮಾಧಾನಪಡುತ್ತಾರೆ. ಆದರೆ ನಡುರಾತ್ರಿ ಎದೆ ನೋವು ಬಂದಾಗ ಆ ತಾಯಿ ಯಾವ ಗುಂಡಿಯನ್ನು ಒತ್ತಬೇಕು? ಇದನ್ನು ಅವರಿಗೆ ಯಾರೂ ಕೂತು ಕಲಿಸಿಲ್ಲ.

ಫೋನ್ ಕೊಡಿಸುವುದು ಉಪಕಾರ, ಅದನ್ನು ಕಲಿಸುವುದು ಹಕ್ಕಿನ ಪಾವತಿ ಎಂಬುದು ನಮ್ಮ ಅಭಿಪ್ರಾಯ. ಸೂರಃ ಅಲ್ ಇಸ್ರಾದಲ್ಲಿ ಅಲ್ಲಾಹನು ತನ್ನ ಆರಾಧನೆಯ ಆಜ್ಞೆಯ ಬೆನ್ನಿಗೇ ಮಾತಾಪಿತರೊಂದಿಗೆ ಸದ್ವರ್ತನೆಯ ಆಜ್ಞೆಯನ್ನಿಟ್ಟಿದ್ದಾನೆ. ಅವರು ವೃದ್ಧಾಪ್ಯವನ್ನು ತಲುಪಿದಾಗ ಬೇಸರದ ಒಂದು ಉದ್ಗಾರವೂ ನಮ್ಮ ಬಾಯಿಂದ ಹೊರಡಬಾರದೆಂದು ಎಚ್ಚರಿಸಿದ್ದಾನೆ. ಚಿಕ್ಕಂದಿನಲ್ಲಿ ಅವರು ನಮ್ಮನ್ನು ಸಾಕಿದ್ದನ್ನು ನೆನೆದು ಅವರಿಗಾಗಿ ಕರುಣೆಯನ್ನು ಬೇಡಲು ಕಲಿಸಿದ್ದಾನೆ. ಇಂದಿನ ಮನೆಗಳಲ್ಲಿ ಆ ಬೇಸರದ ಉದ್ಗಾರ ಅತಿ ಹೆಚ್ಚು ಕೇಳಿಬರುವುದು ಎಲ್ಲಿ? “ಎಷ್ಟು ಸಲ ಹೇಳಬೇಕು ಅಮ್ಮಾ, ಹಸಿರು ಗುಂಡಿ ಒತ್ತು ಅಂತ!” ಎಂದು ಗದರಿ, ಫೋನನ್ನು ಅವರ ಕೈಯಿಂದ ಕಿತ್ತುಕೊಳ್ಳುವ ಆ ಕ್ಷಣದಲ್ಲಿಯೇ. ನಮಗೆ ಚಮಚ ಹಿಡಿಯಲು, ಗುಂಡಿ ಹಾಕಿಕೊಳ್ಳಲು, ಅಲಿಫ್ ಬಾ ಹೇಳಲು ಅವರು ಎಷ್ಟು ಸಲ ಕಲಿಸಿದ್ದರೆಂದು ಲೆಕ್ಕವಿಟ್ಟವರು ಯಾರು?

ಇನ್ನು ಕಲಿಸುವುದು ಹೇಗೆ ಎಂಬ ಪ್ರಶ್ನೆ. ಕೆಲಸ ಅಂಗಡಿಯಿಂದಲೇ ಆರಂಭವಾಗುತ್ತದೆ. ಜಿಯೋ ಕಂಪನಿಗೆ 2ಜಿ ಜಾಲವೇ ಇಲ್ಲ. ಆದ್ದರಿಂದ ಹಳೆಯ 2ಜಿ ಸೆಟ್‌ಗೆ ಆ ಸಿಮ್ ಹಾಕಿದರೆ ಕರೆ ಹೋಗುವುದಿಲ್ಲ. ಅದಕ್ಕೆ 4ಜಿ ಇರುವ ಗುಂಡಿ ಸೆಟ್ಟೇ ಬೇಕು. ಬೆಲೆಯನ್ನು ಕೇಳುವ ಮೊದಲು ಹಿರಿಯರು ಮಲಗುವ ಕೋಣೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಎಂಬುದನ್ನು ನೋಡಿಕೊಳ್ಳಬೇಕು. ಸಿಮ್ ಅವರದೇ ಹೆಸರಿನಲ್ಲಿರಬೇಕು. ಮಗನ ಹೆಸರಿನ, ಅಳಿಯನ ಹೆಸರಿನ ಸಿಮ್ ತಾಯಿಯ ಕೈಯಲ್ಲಿದ್ದರೆ ಅದು ಕಳೆದಾಗ ಬದಲಿ ಸಿಮ್ ಪಡೆಯಲು ಅವರು ಮತ್ತೊಬ್ಬರ ದಾರಿ ಕಾಯಬೇಕಾಗುತ್ತದೆ. ಇಂಟರ್‌ನೆಟ್ ಬಳಸದವರು ಅದರ ಹಣವನ್ನು ಕೊಡಬೇಕಾಗಿಯೂ ಇಲ್ಲ. ಕರೆ ಮತ್ತು ಮೆಸೇಜ್ ಮಾತ್ರ ಇರುವ ಪ್ಯಾಕ್‌ಗಳನ್ನು ಕಂಪನಿಗಳು ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಇಂತಹ ವಿಶೇಷ ಪ್ಯಾಕ್‌ಗಳ ಅವಧಿಯ ಮಿತಿಯನ್ನು 90 ದಿನಗಳಿಂದ 365 ದಿನಗಳಿಗೆ ಏರಿಸಿದೆ. ಕೇಳಿ ಪಡೆಯುವುದು ನಮ್ಮ ಕೆಲಸ.

ಮನೆಗೆ ತಂದ ಸೆಟ್ಟನ್ನು ನಾವೇ ಸಿದ್ಧಪಡಿಸಿ ಕೊಡಬಾರದು. ಅವರ ಎದುರಿಗೆ, ಅವರ ಕೈಯಲ್ಲಿಯೇ ಸಿದ್ಧವಾಗಲಿ. ಹಿಂಬದಿಯ ಮುಚ್ಚಳ ತೆಗೆಯುವುದು, ಬ್ಯಾಟರಿ ಎತ್ತುವುದು, ಸಿಮ್‌ನ ಹಳದಿ ಲೋಹದ ಭಾಗ ಕೆಳಗೆ ಬರುವಂತೆ, ಕತ್ತರಿಸಿದ ಮೂಲೆ ಅಲ್ಲಿ ಬರೆದಿರುವ ಗುರುತಿಗೆ ಹೊಂದುವಂತೆ ಕೂರಿಸುವುದು, ಇವೆಲ್ಲವನ್ನೂ ಅವರು ಒಮ್ಮೆ ನೋಡಲಿ. ಸೆಟ್‌ನಲ್ಲಿ ದೊಡ್ಡ ಸಿಮ್‌ನ ಜಾಗವಿದ್ದು ನಮ್ಮಲ್ಲಿ ಚಿಕ್ಕ ಸಿಮ್ ಇದ್ದರೆ ಅದರೊಂದಿಗೆ ಬರುವ ಪ್ಲಾಸ್ಟಿಕ್ ಚೌಕಟ್ಟನ್ನು ಎಸೆಯದೆ ಬಳಸಬೇಕು. ಕೆಂಪು ಗುಂಡಿಯನ್ನು ಒತ್ತಿ ಹಿಡಿದರೆ ಫೋನ್ ಎಚ್ಚರಗೊಳ್ಳುತ್ತದೆ. ಆಗ ಮೊದಲು ಮಾಡಬೇಕಾದದ್ದು ಭಾಷೆಯ ಆಯ್ಕೆ. ಶಾಲೆಯಲ್ಲಿ ಕನ್ನಡ ಕಲಿತವರಿಗೆ ಕನ್ನಡವಿರಲಿ. ಕೆಲವು ಸೆಟ್‌ಗಳಲ್ಲಿ ಉರ್ದು ಕೂಡ ಇರುತ್ತದೆ, ಮದ್ರಸದಲ್ಲಿ ಅದನ್ನು ಓದಿದವರಿಗೆ ಅದಿರಲಿ. ಇಂಗ್ಲಿಷ್‌ನಲ್ಲಿಯೇ ಬಿಟ್ಟುಕೊಟ್ಟ ಫೋನ್ ಅವರ ಪಾಲಿಗೆ ಬೀಗ ಹಾಕಿದ ಪೆಟ್ಟಿಗೆಯಷ್ಟೆ. ಅಕ್ಷರವನ್ನು ದೊಡ್ಡದು ಮಾಡಿ, ಗಂಟೆಯ ಸದ್ದನ್ನು ಪೂರ್ತಿ ಏರಿಸಿ, ಗಡಿಯಾರ ಸರಿಪಡಿಸಿ.

ಅಕ್ಷರ ಬಾರದವರಿಗೆ ದಾರಿಯೇ ಇಲ್ಲವೆಂದು ತಿಳಿಯಬೇಡಿ. ನಮ್ಮ ಎಷ್ಟೋ ತಾಯಂದಿರು ಕನ್ನಡ ಓದಲಾರರು, ಆದರೆ ನೋಟನ್ನೂ ಬಸ್ಸಿನ ನಂಬರನ್ನೂ ಅಡಿಕೆ ಸುಲಿದ ಕೂಲಿಯ ಲೆಕ್ಕವನ್ನೂ ತಪ್ಪದೆ ಬಲ್ಲರು. ಅಂಕೆ ಬಲ್ಲವರಿಗೆ ಸ್ಪೀಡ್ ಡಯಲ್ ಸಾಕು. 2 ಅನ್ನು ಒತ್ತಿ ಹಿಡಿದರೆ ಹಿರಿಯ ಮಗ, 3 ಮಗಳು, 4 ಪಕ್ಕದ ಮನೆ ಎಂದು ಹೊಂದಿಸಿಡಬಹುದು. ಗುಂಡಿಗಳ ನಡುವೆ 5ರ ಮೇಲೆ ಒಂದು ಉಬ್ಬು ಚುಕ್ಕೆ ಇರುತ್ತದೆ. ಬೆರಳಿಗೆ ಅದು ಸಿಕ್ಕರೆ ಕತ್ತಲಲ್ಲೂ ಉಳಿದ ಅಂಕೆಗಳ ಜಾಗ ತಿಳಿಯುತ್ತದೆ. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ ಒಂದೇ ಸಂಖ್ಯೆ 112. 2017ರ ಜನವರಿ 1ರಿಂದ ಮಾರಾಟವಾಗುವ ಸಾದಾ ಸೆಟ್‌ಗಳಲ್ಲಿ 5 ಅಥವಾ 9 ಅನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ಏರ್ಪಾಡು ಇರಬೇಕೆಂದು ಸರಕಾರ ನಿಯಮ ಮಾಡಿದೆ. ನಮ್ಮ ಸೆಟ್‌ನಲ್ಲಿ ಅದು ಯಾವ ಅಂಕೆಯೆಂದು ಅದರ ಜೊತೆ ಬಂದ ಕೈಪಿಡಿಯಲ್ಲಿ ನೋಡಿ ತಿಳಿಸಿಡಬೇಕು, ಆ ಅಂಕೆಯನ್ನು ಬೇರೆ ಯಾರಿಗೂ ಹೊಂದಿಸಬಾರದು.

ಮಡಚುವ ಸೆಟ್ ಹಿರಿಯರಿಗೆ ಇನ್ನೂ ಸುಲಭ. 1996ರಲ್ಲಿ ಮೊಟೊರೊಲಾದ ಸ್ಟಾರ್‌ಟ್ಯಾಕ್ ಬಂದಾಗ ಅದು ಸಿರಿವಂತರ ಶೋಕಿಯಾಗಿತ್ತು. ಇಂದು ಅದೇ ವಿನ್ಯಾಸ ನಡುಗುವ ಕೈಗಳಿಗೆ ನೆರವಾಗುತ್ತಿದೆ. ತೆರೆದರೆ ಮಾತು, ಮುಚ್ಚಿದರೆ ಮುಕ್ತಾಯ. ತೆರೆದೊಡನೆ ಕರೆ ಸ್ವೀಕಾರವಾಗುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಹಾಕಿಟ್ಟರೆ ಹಸಿರು ಗುಂಡಿಯನ್ನು ಹುಡುಕುವ ಕಷ್ಟವೂ ಇಲ್ಲ. ಜೇಬಿನಲ್ಲಿದ್ದಾಗ ಗುಂಡಿಗಳು ತಾವಾಗಿಯೇ ಒತ್ತಿಕೊಳ್ಳುವುದಿಲ್ಲ. ಮಾತಿನ ನಡುವೆ ಮುಚ್ಚಿದರೆ ಕರೆ ತುಂಡಾಗುತ್ತದೆ ಎಂಬುದೊಂದನ್ನು ಮಾತ್ರ ಅಭ್ಯಾಸ ಮಾಡಿಸಬೇಕು.

ದಿನಕ್ಕೆ ಒಂದೇ ಪಾಠ ಸಾಕು. ಮೊದಲ ದಿನ ಬಂದ ಕರೆಯನ್ನು ಎತ್ತುವುದು ಮತ್ತು ಮುಗಿಸುವುದು. ಮನೆಯೊಳಗಿನಿಂದಲೇ ಹತ್ತು ಸಲ ಕರೆ ಮಾಡಿ, ಹತ್ತು ಸಲವೂ ಅವರೇ ಎತ್ತಲಿ. ಎರಡನೆಯ ದಿನ ಸ್ಪೀಡ್ ಡಯಲ್. ಮೂರನೆಯ ದಿನ ಎತ್ತಲಾಗದೆ ಹೋದ ಕರೆಯನ್ನು ಹಸಿರು ಗುಂಡಿ ಒತ್ತಿ ಪಟ್ಟಿಯಲ್ಲಿ ನೋಡಿ ಮರಳಿ ಕರೆಯುವುದು. ನಂತರ ಚಾರ್ಜ್, ಟಾರ್ಚ್, ಬಳಿಕ ಮೆಸೇಜ್. ಎಷ್ಟೇ ತಡವಾದರೂ ಫೋನನ್ನು ಅವರ ಕೈಯಿಂದ ತೆಗೆದುಕೊಳ್ಳಬಾರದು ಎಂಬುದೇ ಕಲಿಸುವವರು ಪಾಲಿಸಬೇಕಾದ ಒಂದೇ ನಿಯಮ. ಪ್ರವಾದಿವರ್ಯರು(ಸ) ಮಸೀದಿಯ ಶಿಷ್ಟಾಚಾರ ತಿಳಿಯದೆ ಅದನ್ನು ಮಲಿನಗೊಳಿಸಿದ ಗ್ರಾಮೀಣನನ್ನು ಗದರಲು ಹೊರಟವರನ್ನು ತಡೆದು, ನಂತರ ಅವನಿಗೆ ಮೃದುವಾಗಿ ತಿಳಿಹೇಳಿದ ಘಟನೆ ನಮಗೆಲ್ಲ ಗೊತ್ತು. ನಮಾಝಿನ ನಡುವೆ ವೃದ್ಧರೊಬ್ಬರ ಫೋನ್ ಬಡಿದುಕೊಂಡರೆ ಸಲಾಮ್ ಹೇಳಿದೊಡನೆ ಇಡೀ ಸಫ್ಫು ತಿರುಗಿ ನೋಡುತ್ತದೆ. ನಾಚಿದ ಅವರು ಮರುದಿನ ಫೋನನ್ನು ಮನೆಯಲ್ಲಿಯೇ ಬಿಟ್ಟು ಬರುತ್ತಾರೆ. ಅನೇಕ ಸೆಟ್‌ಗಳಲ್ಲಿ ಕೊನೆಯ ಸಾಲಿನ ಬಲಬದಿಯ ಗುಂಡಿಯನ್ನು ಒತ್ತಿ ಹಿಡಿದರೆ ಸದ್ದು ಅಡಗುತ್ತದೆ ಎಂದು ವುಝೂ ಮಾಡುವ ಜಾಗದಲ್ಲಿಯೇ ಅವರ ಪಕ್ಕ ಕೂತು ತೋರಿಸಿಕೊಡುವ ಒಬ್ಬನೂ ಆ ಸಫ್ಫಿನಲ್ಲಿ ಇರಲಿಲ್ಲವೇ?

ಮೆಸೇಜ್‌ನ ಪಾಠ ಎಲ್ಲಕ್ಕಿಂತ ಮುಖ್ಯವಾದದ್ದು, ಏಕೆಂದರೆ ಅಲ್ಲಿ ಹಣವಿದೆ. ಗೃಹಲಕ್ಷ್ಮಿಯ 2000 ರೂಪಾಯಿ, ಸಂಧ್ಯಾ ಸುರಕ್ಷೆಯ ಪಿಂಚಣಿ, ಮಗ ಕಳಿಸಿದ ಹಣ, ಎಲ್ಲವೂ ಬ್ಯಾಂಕಿಗೆ ಬಂದು ಅದರ ಸುದ್ದಿ ಫೋನಿಗೆ ಬರುತ್ತದೆ. ಒಟಿಪಿಯೂ ಅಲ್ಲಿಗೇ ಬರುತ್ತದೆ. ಮೆಸೇಜ್ ತೆರೆಯಲು ಬಾರದ ತಾಯಿ ಫೋನನ್ನು ಅಂಗಡಿಯವನಿಗೋ ಪರಿಚಯದ ಹುಡುಗನಿಗೋ ಕೊಟ್ಟು “ನೋಡಪ್ಪಾ ಏನು ಬಂದಿದೆ” ಎನ್ನುತ್ತಾರೆ. ಓದಿ ಹೇಳುವವನು ಒಳ್ಳೆಯವನಾಗಿದ್ದರೆ ಸರಿ. ಆಗಿರದಿದ್ದರೆ? ಒಟಿಪಿ ಎಂದರೆ ಮನೆಯ ತಿಜೋರಿಯ ಕೀಲಿ, ಬ್ಯಾಂಕಿನವರು ಫೋನ್ ಮಾಡಿ ಅದನ್ನು ಎಂದೂ ಕೇಳುವುದಿಲ್ಲ ಎಂದು ಅವರಿಗೆ ಅವರ ಮಾತಿನಲ್ಲಿಯೇ ಹೇಳಬೇಕು. ಕಿಡಿಗೇಡಿಯು ತಂದ ಸುದ್ದಿಯನ್ನು ಪರಿಶೀಲಿಸದೆ ನಂಬಬಾರದೆಂದು ಸೂರಃ ಅಲ್ ಹುಜುರಾತ್ ಕಲಿಸುತ್ತದೆ. ಅಪರಿಚಿತ ಕರೆಯ ಮುಂದೆ ಇದಕ್ಕಿಂತ ಒಳ್ಳೆಯ ಕಾವಲು ಬೇರಿಲ್ಲ. ವಂಚನೆ ನಡೆದೇಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಇಲ್ಲಿ ಮಕ್ಕಳಾದ ನಮಗೂ ಒಂದು ಮಿತಿಯಿದೆ. ಕಲಿಸಿದವರಿಗೆ ಕದ್ದು ನೋಡುವ ಅಧಿಕಾರ ಬರುವುದಿಲ್ಲ. ತಾಯಿ ಯಾವ ಮಗಳೊಂದಿಗೆ ಎಷ್ಟು ಹೊತ್ತು ಮಾತನಾಡಿದರು, ತಂದೆಯ ಖಾತೆಗೆ ಎಷ್ಟು ಹಣ ಬಂತು ಎಂದು ಅವರ ಫೋನನ್ನು ತೆರೆದು ನೋಡುವುದು ಗೂಢಚರ್ಯೆಯೇ. ಅದೇ ಅಧ್ಯಾಯ ಅದನ್ನು ನಿಷೇಧಿಸಿದೆ. ಇನ್ನೊಬ್ಬರ ಮನೆಯ ಬಾಗಿಲಲ್ಲಿ ಮೂರು ಸಲ ಅನುಮತಿ ಕೇಳಿ, ಉತ್ತರ ಬಾರದಿದ್ದರೆ ಮರಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಹಿರಿಯರ ಫೋನ್ ಕೂಡ ಅವರ ಒಂದು ಮನೆ.

“ಸ್ಮಾರ್ಟ್‌ಫೋನನ್ನೇ ಕೊಡಿಸಿದರಾಯಿತು, ಮೊಮ್ಮಕ್ಕಳ ಮುಖವನ್ನಾದರೂ ನೋಡುತ್ತಾರೆ” ಎನ್ನುವವರಿದ್ದಾರೆ. ಇಷ್ಟಪಡುವ ಹಿರಿಯರಿಗೆ ಖಂಡಿತ ಕೊಡಿಸಿ. ಆದರೆ ಹಸಿ ಅಡಿಕೆ ಸುಲಿದು ಕರೆಗಟ್ಟಿ ಒರಟಾದ ಬೆರಳಿಗೆ, ಮಂಜಾದ ಕಣ್ಣಿಗೆ, ಒತ್ತಿದರೆ ಒತ್ತಿದ್ದು ತಿಳಿಯುವ ಗುಂಡಿಯೇ ಹಿತ. ಸುಳ್ಳು ಲಿಂಕುಗಳ ಕಾಟವೂ ಅಲ್ಲಿ ಕಡಿಮೆ. ಯಾವುದು ಬೇಕೆಂಬುದನ್ನು ಅವರೇ ನಿರ್ಧರಿಸಲಿ, ನಮ್ಮ ಅಂತಸ್ತು ನಿರ್ಧರಿಸುವುದು ಬೇಡ.

“ಈ ವಯಸ್ಸಿನಲ್ಲಿ ಅವರಿಗೇಕೆ” ಎನ್ನುವವರೂ ಇದ್ದಾರೆ. ಇಸ್ಲಾಮಿನಲ್ಲಿ ಕಲಿಕೆಗೆ ವಯಸ್ಸಿನ ಗಡಿಯಿಲ್ಲ. ಬದ್ರ್‌ನ ಕೈದಿಗಳಲ್ಲಿ ಅಕ್ಷರ ಬಲ್ಲವರಿಗೆ ಮದೀನಾದ ಮಕ್ಕಳಿಗೆ ಓದು ಬರಹ ಕಲಿಸುವುದೇ ಬಿಡುಗಡೆಯ ಬೆಲೆಯಾಯಿತು. ಶಿಫಾ ಬಿಂತಿ ಅಬ್ದುಲ್ಲಾಹ್(ರ) ಎಂಬ ಮಹಿಳೆ ಪ್ರವಾದಿ ಪತ್ನಿ ಹಫ್ಸಾ(ರ)ರಿಗೆ ಬರಹ ಕಲಿಸಿದರು. ಒಬ್ಬ ಹೆಣ್ಣುಮಗಳು ಮತ್ತೊಬ್ಬ ಹೆಣ್ಣುಮಗಳಿಗೆ ಕಲಿಸುವ ಈ ಸುನ್ನತ್ ನಮ್ಮ ಊರುಗಳಲ್ಲಿ ಮತ್ತೆ ಜೀವಂತವಾಗಬೇಕು. ಮಹಿಳೆಯರ ಇಜ್ತಿಮಾಗಳಲ್ಲಿ ಕಾಲೇಜು ಓದುವ ಹುಡುಗಿಯರು ಅರ್ಧ ಗಂಟೆ ತಾಯಂದಿರ ಪಕ್ಕ ಕೂರಲಿ. ಜುಮುಅದ ಬಳಿಕ ಮಸೀದಿಯ ವರಾಂಡದಲ್ಲಿ ಇಬ್ಬರು ಯುವಕರು ಹಿರಿಯರ ಸೆಟ್‌ಗಳಿಗೆ ಭಾಷೆ, ಅಕ್ಷರ, ಸ್ಪೀಡ್ ಡಯಲ್ ಹೊಂದಿಸಿಕೊಡಲಿ. ಮದ್ರಸದ ಹಿರಿಯ ವಿದ್ಯಾರ್ಥಿಗಳಿಗೆ ಇದನ್ನೇ ಒಂದು ವಾರದ ಮನೆಗೆಲಸವಾಗಿ ಕೊಡಬಹುದು. ಇದಕ್ಕೆ ಚಂದಾ ಬೇಡ, ವೇದಿಕೆ ಬೇಡ.

ಈ ವಾರ ಮನೆಯ ಹಿರಿಯರಿಗೆ ಕರೆ ಮಾಡಿದಾಗ ಒಂದು ಮಾತು ಕೇಳಿ: ಈ ಕರೆಯನ್ನು ನೀವೇ ಎತ್ತಿದಿರಾ, ಬೇರೆ ಯಾರಾದರೂ ಎತ್ತಿಕೊಟ್ಟರೇ? ಬೇರೆಯವರು ಎತ್ತಿಕೊಟ್ಟರೆಂದು ಉತ್ತರ ಬಂದರೆ ಮುಂದಿನ ರಜೆಯಲ್ಲಿ ನಮಗೊಂದು ಕೆಲಸವಿದೆ ಎಂದು ತಿಳಿಯಿರಿ. ನಮ್ಮ ಮಾತಾಪಿತರ ಸೇವೆಯಲ್ಲಿ ನಮಗೆ ತಾಳ್ಮೆಯನ್ನು, ಅವರ ಆಯುಷ್ಯದಲ್ಲಿ ಬರ್ಕತ್ತನ್ನು ಅಲ್ಲಾಹನು ಅನುಗ್ರಹಿಸಲಿ. ಆಮೀನ್.