ಮಸ್ಲಾ ಬೇರೆ, ಫೈಸ್ಲಾ ಬೇರೆ

ವ್ಯವಹಾರ ಅಧ್ಯಯನದ ‘ಯೋಜನೆ’ ಪಾಠದಲ್ಲಿ ಕಾರ್ಯತಂತ್ರಕ್ಕೆ ಮೂರು ಅಂಶ ಹೇಳಿದ್ದಾರೆ: ದೀರ್ಘಾವಧಿಯ ಗುರಿ ಗೊತ್ತುಮಾಡಿಕೊಳ್ಳುವುದು, ಅದಕ್ಕೊಂದು ದಾರಿ ಆರಿಸುವುದು, ಆ ದಾರಿಗೆ ಬೇಕಾದ ಸಂಪನ್ಮೂಲ ಹೊಂದಿಸುವುದು. ಕಿರುಪರೀಕ್ಷೆಯಲ್ಲಿ ಇದನ್ನು ಬರೆದು ನಾನು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಅದರ ಅರ್ಥ ತಿಳಿದದ್ದು ಮಾತ್ರ ರಜೆಗೆ ಸಂಸೆಗೆ ಹೋದಾಗ, ನಮ್ಮ ಅಡುಗೆಮನೆಯಲ್ಲಿ.

ನಮ್ಮದು ರಸ್ತೆ ಬದಿಯ ಕಿರಾಣಿ ಅಂಗಡಿ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ಗಿರಾಕಿಗಳ ಕೈಯಲ್ಲಿ ದುಡ್ಡಿಲ್ಲ, ನಮ್ಮ ಉದ್ರಿ ಪುಸ್ತಕ ದಪ್ಪವಾಗಿದೆ. ಚಾಚಾ ಒಂದು ಉಪಾಯ ತಂದಿದ್ದರು. ಕುದುರೆಮುಖ ಚಾರಣಕ್ಕೆ ಬರುವವರನ್ನು ಮುಳ್ಳೋಡಿಗೆ ಕರೆದೊಯ್ಯಲು ಸಾಲ ಮಾಡಿ ಜೀಪು ತೆಗೆದುಕೊಳ್ಳುವುದು, ಮನೆಯ ಹಿಂದೆ ಎರಡು ರೂಮು ಕಟ್ಟಿ ಬಾಡಿಗೆಗೆ ಕೊಡುವುದು. “ಅಂಗಡಿಯ ಕಷ್ಟ ಇದರಲ್ಲೇ ತೀರುತ್ತೆ, ಭಾಯಿಜಾನ್” ಎಂದರು. ಅಬ್ಬಾ ಒಪ್ಪುವ ಹಾಗೆಯೇ ಇದ್ದರು. ಆಗ ಅಮ್ಮಿ ರೊಟ್ಟಿ ತಿರುವಿ ಹಾಕುತ್ತಾ ಕೇಳಿದರು: “ಯೇ ಮಸ್ಲಾ ಹೈ ಯಾ ಫೈಸ್ಲಾ?” ಇದು ಸಮಸ್ಯೆಯೋ, ನಿರ್ಧಾರವೋ?

ಅಮ್ಮಿ ಓದಿದ್ದು ಏಳನೇ ತರಗತಿಯವರೆಗೆ. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ನನಗೆ ಹೊಳೆದ ವ್ಯತ್ಯಾಸ ಇಷ್ಟು. ಸಮಸ್ಯೆ ಬಗೆಹರಿದರೆ ನಾವು ಮೊದಲಿದ್ದಲ್ಲಿಗೆ ಮರಳುತ್ತೇವೆ. ಮಾಡು ಸೋರಿದರೆ ಹೆಂಚು ಬದಲಿಸುತ್ತೇವೆ, ಮನೆ ಅದೇ ಇರುತ್ತದೆ. ನಿರ್ಧಾರ ಹಾಗಲ್ಲ. ಅಲ್ಲಿ ಏನನ್ನೋ ಬಿಟ್ಟುಕೊಟ್ಟೇ ಇನ್ನೊಂದನ್ನು ಹಿಡಿಯಬೇಕು, ಆಮೇಲೆ ಹಿಂದಕ್ಕೆ ಬರುವುದು ಸುಲಭವಲ್ಲ. ಇದಕ್ಕೆ ಉದಾಹರಣೆ ನಮ್ಮೂರ ರಸ್ತೆಯಲ್ಲೇ ಮುಂದೆ ಹೋದರೆ ಸಿಗುತ್ತದೆ.

ಕುದುರೆಮುಖ ಕಬ್ಬಿಣ ಅದಿರು ಕಂಪನಿ 1976ರಲ್ಲಿ ಶುರುವಾದದ್ದು ಒಂದೇ ಗಿರಾಕಿಯನ್ನು ನಂಬಿ. ಆ ಗಿರಾಕಿ ಇರಾನ್ ದೇಶ. ಯೋಜನೆಗೆ ಸಾಲ ಕೊಡುವುದೂ ಅದೇ, ಅದಿರಿನ ಪುಡಿ ಕೊಳ್ಳುವುದೂ ಅದೇ ಎಂದು ಒಪ್ಪಂದವಾಗಿತ್ತು. ವರ್ಷಕ್ಕೆ 75 ಲಕ್ಷ ಟನ್ ಪುಡಿ ತಯಾರಿಸುವ ಸ್ಥಾವರ, ಅದನ್ನು ನೀರಿನ ಜೊತೆ ಮಂಗಳೂರಿಗೆ ಇಳಿಸಲು 67 ಕಿಲೋಮೀಟರ್ ಕೊಳವೆ. ಕೆಲಸ ಇನ್ನೇನು ಮುಗಿಯಬೇಕು ಅನ್ನುವಾಗ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಯಿತು. ಮಾಲು ಸಿದ್ಧವಾಯಿತು, ಕೊಳ್ಳುವವರು ಇಲ್ಲವಾದರು.

ಇದನ್ನು ಬರೀ ಸಮಸ್ಯೆಯೆಂದು ನೋಡಿದರೆ ಅದೇ ಪುಡಿಗೆ ಬೇರೆ ಗಿರಾಕಿ ಹುಡುಕಿದರೆ ಆಯಿತು. ಹುಡುಕಿದರು ಕೂಡ. ಆದರೆ ಪುಡಿಯನ್ನು ಹಾಗೇ ಊದುಕುಲುಮೆಗೆ ಹಾಕಲು ಬರುವುದಿಲ್ಲ, ಮೊದಲು ಉಂಡೆ ಕಟ್ಟಬೇಕು. ಆ ಸೌಕರ್ಯ ಇದ್ದವರಷ್ಟೇ ಅದನ್ನು ಕೊಳ್ಳಬಲ್ಲರು. ಕಂಪನಿ ಮುಂದೆ ಮಾಡಿದ್ದನ್ನು ನೋಡಿದರೆ ಪ್ರಶ್ನೆಯೇ ಬದಲಾದಂತೆ ಕಾಣುತ್ತದೆ: ‘ಯಾರಿಗೆ ಮಾರೋಣ’ ಹೋಗಿ ‘ಏನನ್ನು ಮಾರೋಣ’ ಬಂತು. ಮಂಗಳೂರಿನಲ್ಲಿ ತನ್ನದೇ ಪೆಲೆಟ್ ಸ್ಥಾವರ ಕಟ್ಟಿತು, 1987ರಲ್ಲಿ ಅದು ಶುರುವಾಯಿತು. ಅಮ್ಮಿಯ ಮಾತಿನಲ್ಲಿ ಹೇಳುವುದಾದರೆ, ಇದು ಫೈಸ್ಲಾ.

ಅದೇ ಕಂಪನಿಯ ಇನ್ನೊಂದು ಕಥೆ ಬೇರೆ ರೀತಿ. ಗಣಿ ಗುತ್ತಿಗೆ 30 ವರ್ಷದ್ದು, 1999ಕ್ಕೆ ಮುಗಿಯುತ್ತದೆ ಎಂಬುದು ಮೊದಲಿನಿಂದಲೂ ಗೊತ್ತಿತ್ತು. ಸುತ್ತ ಶೋಲಾ ಕಾಡು, ಕೆಳಗೆ ಭದ್ರಾ ನದಿ. ಅವಧಿ ಮುಗಿದಾಗ ಕಂಪನಿ ಕೇಳಿದ್ದು ನವೀಕರಣವನ್ನು, ಅಂದರೆ ಇದ್ದದ್ದು ಹಾಗೇ ಇರಲಿ ಎಂದು. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಾಡಿಗೂ ನದಿಗೂ ಅದು ಒಳ್ಳೆಯದೇ ಆಯಿತು ಎಂದು ನಾನು ನಂಬುತ್ತೇನೆ. ಮಂಗಳೂರಿನ ಸ್ಥಾವರ ಬೇರೆ ಕಡೆಯಿಂದ ಅದಿರು ತರಿಸಿ ನಡೆಯಿತು, ಅಂದರೆ ಹಳೆಯ ಫೈಸ್ಲಾ ಕೈಹಿಡಿಯಿತು. ಕುದುರೆಮುಖದ ಟೌನ್‌ಶಿಪ್ ಮಾತ್ರ ಖಾಲಿಯಾಯಿತು.

ಅದರ ಜೊತೆ ನಮ್ಮ ದಾದಾನ ವ್ಯಾಪಾರವೂ ಹೋಯಿತು. ಅವರು ಜೀಪಿನಲ್ಲಿ ಟೌನ್‌ಶಿಪ್‌ಗೆ ಕೋಳಿ, ಮೊಟ್ಟೆ ಹಾಕುತ್ತಿದ್ದರು. ತೀರ್ಪು ಬಂದ ಮೇಲೆ ಮೂರು ವರ್ಷ ಸಮಯವಿತ್ತು. ಆ ಮೂರು ವರ್ಷದಲ್ಲಿ ದಾದಾ ಬೆಲೆ ಇಳಿಸಿದರು, ಉದ್ರಿ ಹೆಚ್ಚು ಕೊಟ್ಟರು, ಕೆಲಸದ ಹುಡುಗನನ್ನು ಬಿಡಿಸಿದರು. ಒಂದೊಂದು ಕಷ್ಟಕ್ಕೂ ಒಂದೊಂದು ಪರಿಹಾರ, ಎಲ್ಲವೂ ಸರಿಯೇ. ‘ಟೌನ್‌ಶಿಪ್ ಇಲ್ಲದಿದ್ದರೆ ನಾನು ಯಾರಿಗೆ, ಏನು ಮಾರುವವನು?’ ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ಕೊನೆಗೆ ಜೀಪು ಮಾರಿದರು. ನಾನು ಹುಟ್ಟುವುದಕ್ಕೆ ಮುಂಚಿನ ಮಾತು ಇದು, ಅಬ್ಬಾ ಈಗಲೂ ಹೇಳುತ್ತಿರುತ್ತಾರೆ.

ಇದನ್ನು ಹಾಸ್ಟೆಲಿನಲ್ಲಿ ಹೇಳಿದಾಗ ಒಬ್ಬ ಗೆಳೆಯ ಆಕ್ಷೇಪ ಎತ್ತಿದ: “ಸರ್ಕಾರಿ ಕಂಪನಿಗೆ ಕೋಟಿಗಟ್ಟಲೆ ಬಂಡವಾಳ ಇತ್ತು. ನಿಮ್ಮ ದಾದಾಗೆ ಇದ್ದದ್ದು ನಾಳೆ ಕಟ್ಟಬೇಕಾದ ಮೊಟ್ಟೆ ಬಿಲ್ಲು. ಬಡವನಿಗೆ ಎಲ್ಲಿಯ ಕಾರ್ಯತಂತ್ರ?” ಅವನ ಮಾತಿನಲ್ಲಿ ಸತ್ಯವಿದೆ. ಎಲ್ಲವನ್ನೂ ಕಾರ್ಯತಂತ್ರ ಎನ್ನುತ್ತಾ ಕುಳಿತರೆ ಸೋರುವ ಮಾಡಿನ ಕೆಳಗೆ ನೆನೆಯಬೇಕಾಗುತ್ತದೆ. ದೊಡ್ಡ ಕಂಪನಿಗಳು ಶಾಖೆ ಮುಚ್ಚಿ, ಜನರನ್ನು ಕೆಲಸದಿಂದ ತೆಗೆದು, ಅದಕ್ಕೂ ‘ಸ್ಟ್ರಾಟಜಿಕ್ ನಿರ್ಧಾರ’ ಎಂದು ಹೆಸರಿಡುವುದನ್ನು ಪತ್ರಿಕೆಯಲ್ಲಿ ಓದುತ್ತೇವೆ. ಎಷ್ಟೋ ಸಲ ಅದು ಸಮಸ್ಯೆಗೆ ತೊಡಿಸಿದ ಕೋಟು ಅಷ್ಟೇ. ಆದರೂ ಪ್ರಶ್ನೆ ಕೇಳಿಕೊಳ್ಳಲು ಬಂಡವಾಳ ಬೇಕಿಲ್ಲ. ಬಡವ ಒಂದೇ ತಪ್ಪಿಗೆ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ, ಆದ್ದರಿಂದ ಅವನೇ ಮೊದಲು ಕೇಳಿಕೊಳ್ಳಬೇಕು.

ಆ ರಾತ್ರಿ ಉದ್ರಿ ಪುಸ್ತಕದ ಕೊನೆಯ ಪುಟದಲ್ಲಿ ನಾನು ಮೂರು ಸಾಲು ಬರೆದೆ. ಜೀಪು ಹಿಡಿದರೆ ಏನು ಬಿಡಬೇಕು? ಅಂಗಡಿಯಲ್ಲಿ ಕೂರುವವರು ಯಾರು? ಇದನ್ನು ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ? ಮೂರನೆಯದಕ್ಕೆ ಅಬ್ಬಾ ಸುಮ್ಮನಾದರು. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಡ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲಿ ಅದು ನಿಂತದ್ದೂ ಉಂಟು. ಒಂದು ಆದೇಶ ಬಂದರೆ ಜೀಪು ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಕಂಪನಿಗೆ ಒಂದೇ ಗಿರಾಕಿ ಇರಾನ್, ದಾದಾಗೆ ಒಂದೇ ಗಿರಾಕಿ ಟೌನ್‌ಶಿಪ್. ನಾವೂ ಅದನ್ನೇ ಮಾಡಹೊರಟಿದ್ದೆವು.

ಸದ್ಯಕ್ಕೆ ಜೀಪು ಬೇಡ, ಸಾಲವಿಲ್ಲದೆ ಒಂದು ರೂಮು, ಅಂಗಡಿ ಇದ್ದಂತೆಯೇ ಇರಲಿ ಎಂದು ತೀರ್ಮಾನವಾಯಿತು. ಚಾಚಾ ಇನ್ನೂ ಮುನಿಸಿಕೊಂಡಿದ್ದಾರೆ. ಮಳೆಗಾಲದ ಶನಿವಾರ, ಭಾನುವಾರ ಬೇರೆಯವರ ಜೀಪುಗಳು ತುಂಬಿ ಹೋಗುವುದನ್ನು ನೋಡಿದಾಗ ನಮ್ಮದೇ ತಪ್ಪಾಯಿತೇನೋ ಎಂದು ನನಗೂ ಅನಿಸುತ್ತದೆ. ಆದರೆ ಏನನ್ನು ಬಿಟ್ಟೆವು, ಯಾಕೆ ಬಿಟ್ಟೆವು ಎಂಬುದು ಗೊತ್ತಿದೆ.

ಸ್ನೇಹಿತರೇ, ಈ ಪ್ರಶ್ನೆ ನಮಗೂ ಇದೆ. ಎಸ್‌ಎಸ್‌ಎಲ್‌ಸಿ ಮುಗಿದಾಗ ಅಂಕ ಕಡಿಮೆ ಬಂತೆಂದು ನಾನು ವಾಣಿಜ್ಯ ವಿಭಾಗ ಸೇರಿದೆ. ಅದು ಒಂದು ಸಮಸ್ಯೆಗೆ ಹುಡುಕಿದ ಪರಿಹಾರ, ನಿರ್ಧಾರವಲ್ಲ. ಇನ್ನು ಕೆಲವು ತಿಂಗಳಿಗೆ ಮತ್ತೆ ಅರ್ಜಿ ತುಂಬುವ ದಿನ ಬರುತ್ತದೆ. ಈ ಸಲ ‘ಎಲ್ಲಿ ಸೀಟು ಸಿಗುತ್ತದೆ’ ಎಂದು ಕೇಳುವ ಮೊದಲು, ಅಮ್ಮಿ ಕೇಳಿದ್ದನ್ನು ನನಗೆ ನಾನೇ ಕೇಳಿಕೊಳ್ಳಬೇಕೆಂದಿದ್ದೇನೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ