ವಾಸನೆ ಗೊತ್ತಾಗದಿದ್ದರೆ ವಿಷ ಹೋಯಿತೇ?

ಜೂನ್‌ನಲ್ಲಿ ಶಾಲೆ ತೆರೆಯುವ ಮುಂಚೆ ನಮ್ಮ ಕಾಸರಗೋಡಿನ ಕಡೆ ಎಷ್ಟೋ ಶಾಲೆಗಳಿಗೆ ಬಣ್ಣ ಬಳಿಯುತ್ತಾರೆ. ಕಿಟಕಿ ಬಾಗಿಲಿಗೆ ಎಣ್ಣೆ ಪೇಂಟ್ ಹಚ್ಚಿದ ಕೋಣೆಗೆ ಕಾಲಿಟ್ಟರೆ ನಮಗೆ ತಲೆ ಧಿಮ್ಮೆನ್ನುತ್ತದೆ. ಪೇಂಟರಣ್ಣನನ್ನು ಕೇಳಿ ನೋಡಿ, “ನಮಗೆ ವಾಸನೆಯೇ ಗೊತ್ತಾಗುವುದಿಲ್ಲ, ಅಭ್ಯಾಸ ಆಗಿಹೋಗಿದೆ” ಅಂತಾರೆ. ಈ ‘ಅಭ್ಯಾಸ’ ಎಂಬ ಮಾತೇ ಅಪಾಯದ್ದು ಎಂದು ನನ್ನ ಅಭಿಪ್ರಾಯ.

ಅಭ್ಯಾಸ ಆಗುವುದು ಮೂಗಿಗೆ ಮಾತ್ರ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಶ್ವಾಸಕೋಶಕ್ಕೆ ಹೋಗುವುದು ಹೋಗುತ್ತಲೇ ಇರುತ್ತದೆ. ತಿನ್ನರ್‌ನಲ್ಲಿ ಸಾಮಾನ್ಯವಾಗಿ ಟಾಲುಯೀನ್, ಜೈಲೀನ್‌ನಂಥ ದ್ರಾವಕಗಳಿರುತ್ತವೆ. ಎಣ್ಣೆ ಪೇಂಟ್ ಒಣಗುವಾಗ ಅದರಲ್ಲಿರುವ ದ್ರಾವಕ ಆವಿಯಾಗಿ ಗಾಳಿಗೆ ಸೇರುತ್ತದೆ, ಉಸಿರಿನೊಡನೆ ರಕ್ತಕ್ಕೆ ಇಳಿಯುತ್ತದೆ. ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಕೊಬ್ಬಿನಂಶ ಹೆಚ್ಚಿರುವ ಮಿದುಳನ್ನು ಬೇಗ ಮುಟ್ಟುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ವರ್ಷಗಟ್ಟಲೆ ಹೀಗೇ ನಡೆದರೆ ಮರೆವು, ಸಿಡುಕು. ಕೈಗೆ ಹತ್ತಿದ ಬಣ್ಣವನ್ನು ತಿನ್ನರ್‌ನಿಂದಲೇ ತೊಳೆದರೆ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಹಳೆಯ ಪೇಂಟ್ ಉಜ್ಜಿದಾಗ ಏಳುವ ಧೂಳಿನಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ.

ಇದೇನೂ ಹೊಸ ಸುದ್ದಿಯಲ್ಲ. ಇಟಲಿಯ ವೈದ್ಯ ರಾಮಜ್ಜೀನಿ 1700ರಲ್ಲೇ, ಚಿತ್ರಕಾರರ ಕಾಯಿಲೆಗೆ ಅವರ ಕೈಯಲ್ಲೂ ಮೂಗಿನ ಹತ್ತಿರವೂ ಸದಾ ಇರುವ ಬಣ್ಣದ ಸಾಮಗ್ರಿಯೇ ಕಾರಣವೆಂದು ಬರೆದರು. 1989ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪೇಂಟರ್ ಕೆಲಸವನ್ನು ಕ್ಯಾನ್ಸರ್‌ಕಾರಕಗಳ ಮೊದಲನೇ ಗುಂಪಿಗೆ ಸೇರಿಸಿತು. ಗಮನಿಸಿ, ಒಂದು ವಸ್ತುವನ್ನಲ್ಲ, ಒಂದು ಕಸುಬನ್ನೇ.

“ಹಾಗಾದರೆ ಮಾಸ್ಕ್ ಹಾಕಲಿ” ಅನ್ನುವುದು ಸುಲಭ. ಮುಖಕ್ಕೆ ಕಟ್ಟಿದ ಬಟ್ಟೆ ಸ್ವಲ್ಪ ಧೂಳು ತಡೆದೀತು, ಆವಿಯನ್ನು ತಡೆಯದು. ಆವಿ ತಡೆಯಲು ಸಕ್ರಿಯ ಇದ್ದಿಲು ತುಂಬಿದ ಡಬ್ಬಿಯಿರುವ ಮಾಸ್ಕ್ ಬೇಕು, ಆ ಡಬ್ಬಿಯನ್ನು ಆಗಾಗ ಬದಲಿಸಲೂ ಬೇಕು. ದಿನಗೂಲಿಯವರು ಅದನ್ನು ಕೈಯಿಂದ ದುಡ್ಡು ಹಾಕಿ ಕೊಳ್ಳಬೇಕು ಅನ್ನುವುದು ನ್ಯಾಯವಲ್ಲ. ಪೇಂಟ್, ಬ್ರಷ್, ಏಣಿಯ ಖರ್ಚನ್ನು ಲೆಕ್ಕಕ್ಕೆ ಸೇರಿಸುವ ಗುತ್ತಿಗೆದಾರರು ಮಾಸ್ಕನ್ನೂ ಗ್ಲೌಸನ್ನೂ ಸೇರಿಸಲಿ. ಒಟ್ಟು ಖರ್ಚು ಸ್ವಲ್ಪ ಏರಿದರೆ ಬಣ್ಣ ಬಳಿಸುವವರು ಕೊಡಲಿ. ನಮ್ಮ ಶಾಲೆಗಳೂ ಇದಕ್ಕೆ ಹೊರತಲ್ಲ.

ಮಕ್ಕಳೇ, ನಿಮ್ಮಲ್ಲಿ ಕೆಲವರ ಅಪ್ಪ, ಅಣ್ಣ, ಮಾವ ಇದೇ ಕೆಲಸಕ್ಕೆ ಹೋಗುವವರು. ಡಬ್ಬದ ಮೇಲಿನ ಎಚ್ಚರಿಕೆ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಓದಿ ಅವರಿಗೆ ಕನ್ನಡದಲ್ಲಿ ಹೇಳಿ. ಕೆಲಸ ನಡೆಯುವಾಗ ಕಿಟಕಿ ತೆರೆದಿರಲಿ, ಕೈ ತೊಳೆಯಲು ತೆಂಗಿನೆಣ್ಣೆ, ಸೋಪು ಸಾಕು, ಊಟ ಕೈ ತೊಳೆದ ಮೇಲೆಯೇ. ಮುಂದಿನ ಸಲ ಶಾಲೆಗೆ ಪೇಂಟರು ಬಂದಾಗ “ಯಾವ ಬಣ್ಣ?” ಅಂತ ಕೇಳುತ್ತೀರಲ್ಲ, ಜೊತೆಗೆ ಹೆಡ್‌ಮಾಸ್ಟರರನ್ನು “ಇವರಿಗೆ ಮಾಸ್ಕ್ ಕೊಟ್ಟಿದ್ದಾರಾ ಸರ್?” ಅಂತಲೂ ಕೇಳಿ.